ಸಬ್‌ವೂಫರ್ ಕೋನ್ ಎಷ್ಟು ಓಡುತ್ತದೆ? ವಾಟ್ ಲೆಕ್ಕ ಅದನ್ನು ಹೇಳಲ್ಲ

ನಾನೇ ಕಟ್ಟಿದ ಸಬ್‌ವೂಫರ್‌ನಲ್ಲಿ ಇರುವುದು 12 ಇಂಚಿನ, 4 ಓಮ್ ಡ್ರೈವರ್, ಅಂದರೆ ಬೇಸ್ ಶಬ್ದ ಮಾಡುವ ಸ್ಪೀಕರ್. ಅದರಲ್ಲಿ ಹಿಂದೆ ಮುಂದೆ ಓಡಿ ಗಾಳಿ ತಳ್ಳುವ ಪೊರೆಯೇ ಕೋನ್. 18 ಮಿಲಿಮೀಟರ್ ಪ್ಲೈವುಡ್ ಪೆಟ್ಟಿಗೆ, ಮುಂದೆ ಒಂದು ಪೋರ್ಟ್ (ಗಾಳಿ ಆಡುವ ಕೊಳವೆ). ಡ್ರೈವರ್ ತಡೆಯುವುದು 300 ವಾಟ್ ಅಂತೆ. ಆದರೆ ಆ ಅಂಕಿ ವಾಯ್ಸ್ ಕಾಯಿಲ್ (ಕೋನನ್ನು ಓಡಿಸುವ ತಂತಿಸುರುಳಿ) ಎಷ್ಟು ಬಿಸಿ ತಡೆಯುತ್ತದೆ ಅನ್ನುವುದರ ಲೆಕ್ಕ ಅಷ್ಟೇ. ತೀರಾ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ಸುಡುವ ಮೊದಲೇ ಕೋನ್ ಮಿತಿ ಮೀರಿ ಓಡುತ್ತದೆ.

ಮುಚ್ಚಿದ ಪೆಟ್ಟಿಗೆಯಾದರೆ ಒಳಗಿನ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು ಹಿಡಿದಿಡುತ್ತದೆ. ಪೋರ್ಟ್ ಇದ್ದರೆ ಹಾಗಲ್ಲ. ಪೆಟ್ಟಿಗೆ-ಪೋರ್ಟಿನ ಗಾಳಿ ತಾನಾಗಿ ಜೋರಾಗಿ ಕಂಪಿಸುವ ಫ್ರೀಕ್ವೆನ್ಸಿಗೆ ಟ್ಯೂನಿಂಗ್ ಫ್ರೀಕ್ವೆನ್ಸಿ ಅನ್ನುತ್ತಾರೆ. ಅಲ್ಲಿ ಶಬ್ದವೆಲ್ಲ ಹೆಚ್ಚುಕಮ್ಮಿ ಪೋರ್ಟಿನಿಂದಲೇ ಬರುತ್ತದೆ, ಕೋನ್ ಅಲ್ಲಾಡುವುದೇ ಇಲ್ಲ ಅನ್ನಬಹುದು. ಅದಕ್ಕಿಂತ ಕೆಳಗಿಳಿದರೆ ಪೋರ್ಟ್ ಬರೀ ತೂತು. ಗಾಳಿ ಸಲೀಸಾಗಿ ಒಳಗೆ ಹೊರಗೆ ಹೋಗುತ್ತದೆ, ಕೋನಿಗೆ ತಡೆಯೇ ಇರಲ್ಲ. ಶಬ್ದ ಮಾತ್ರ ಏನೂ ಕೇಳಲ್ಲ. ಅಪಾಯ ಇರೋದೇ ಇಲ್ಲಿ: ಕಿವಿಗೆ ಗೊತ್ತಾಗುವ ಹೊತ್ತಿಗೆ ಕಾಯಿಲ್ ಹಿಂದಿನ ಪ್ಲೇಟಿಗೆ ಟಕ್ ಟಕ್ ಅಂತ ಬಡಿಯುತ್ತಿರುತ್ತದೆ.

ಅದಕ್ಕೇ ವಾಲ್ಯೂಮ್ ಏರಿಸುವ ಮೊದಲು ನಿಜವಾದ ಟ್ಯೂನಿಂಗ್ ಎಷ್ಟು ಅಂತ ನೋಡಿಕೊಂಡೆ. ಪೆಟ್ಟಿಗೆಯ ಲೆಕ್ಕ ಹಾಕುವ ಸಾಫ್ಟ್‌ವೇರ್ 24 ಹರ್ಟ್ಜ್ ಅಂದಿತ್ತು. ಸಣ್ಣ ವಾಲ್ಯೂಮಿನಲ್ಲಿ ಸೈನ್ ಟೋನ್ (ಒಂದೇ ಫ್ರೀಕ್ವೆನ್ಸಿಯ ಶಬ್ದ) ಹಾಕಿ, 35ರಿಂದ ಒಂದೊಂದೇ ಹರ್ಟ್ಜ್ ಇಳಿಸುತ್ತಾ ಕೋನನ್ನೇ ನೋಡುತ್ತಿದ್ದೆ. 25ಕ್ಕೆ ಬಂದಾಗ ಕೋನ್ ನಿಂತೇಹೋದಂತಾಯಿತು, ಪೋರ್ಟಿನ ಬಾಯಲ್ಲಿ ಇಟ್ಟ ಕೈಗೆ ಗಾಳಿ ಜೋರಾಗಿ ಬಡಿಯಿತು. ಇಪ್ಪತ್ತಕ್ಕೆ ಇಳಿಸಿದ್ದೇ ತಡ, ಅದೇ ವಾಲ್ಯೂಮಿಗೆ ಕೋನ್ ಕುಣಿಯತೊಡಗಿತು.

ಅಳತೆಗೆ ದೊಡ್ಡ ಉಪಕರಣ ಬೇಕಿಲ್ಲ. ಕೋನಿನ ಅಂಚಿಗೆ ಗಟ್ಟಿ ಕಾಗದದ ಚಿಕ್ಕ ತುಂಡೊಂದನ್ನು ನೇರ ಮುಂದಕ್ಕೆ ಚಾಚುವ ಹಾಗೆ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟೆ. ಪಕ್ಕದಿಂದ ನೋಡಿದರೆ, ಕೋನ್ ಓಡುವಾಗ ಚುಕ್ಕೆ ಗೆರೆಯಾಗಿ ಕಾಣುತ್ತದೆ. ಹಿಂದೆ ಸ್ಕೇಲ್ ಹಿಡಿದರೆ ಓಟ ಎಷ್ಟು ಮಿಲಿಮೀಟರ್ ಅಂತ ಸಿಕ್ಕಿಬಿಡುತ್ತದೆ. ನನ್ನ ಡ್ರೈವರಿನ ಎಕ್ಸ್‌ಮ್ಯಾಕ್ಸ್, ಅಂದರೆ ಕೋನ್ ಸರಿಯಾಗಿ ಓಡಬಲ್ಲ ಮಿತಿ, ಒಂದು ಕಡೆಗೆ 12 ಮಿಲಿಮೀಟರ್. ಅಂದರೆ ಗೆರೆ 24 ದಾಟಬಾರದು.

ಆಮೇಲೆ ಡಿಎಸ್‌ಪಿಯಲ್ಲಿ (ಸಿಗ್ನಲ್ ತಿದ್ದುವ ಡಿಜಿಟಲ್ ಸಾಧನ) 22 ಹರ್ಟ್ಜ್‌ಗೆ ಹೈಪಾಸ್ ಫಿಲ್ಟರ್ ಹಾಕಿದೆ. ಅದು ಅದಕ್ಕಿಂತ ಕೆಳಗಿನದನ್ನು ತಗ್ಗಿಸುತ್ತದೆ. ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿದಾಗಲೆಲ್ಲ, 24 ಡೆಸಿಬಲ್ ಇಳಿಜಾರಿನದು. ಆಕ್ಟೇವ್‌ಗೆ 12 ಡೆಸಿಬಲ್ ಸಾಕು ಅನ್ನುವವರಿದ್ದಾರೆ. ಪೋರ್ಟ್ ಪೆಟ್ಟಿಗೆಗೆ ನನಗಂತೂ ಅದು ಸಾಲದು. ಫಿಲ್ಟರ್ ಹಾಕಿದ ಮೇಲೂ ಕೋನಿನ ಓಟ ಪೂರ್ತಿ ನಿಲ್ಲಲ್ಲ. 17-18 ಹರ್ಟ್ಜ್ ಆಸುಪಾಸಿನಲ್ಲಿ ಇನ್ನೊಮ್ಮೆ ಏರುತ್ತದೆ. ಹಾಗಾಗಿ ಅಲ್ಲಿ ಟೋನ್ ಹಾಕಿ, ವಾಲ್ಯೂಮ್ ನಿಧಾನ ಏರಿಸುತ್ತಾ ಗೆರೆ ನೋಡಿದೆ. ಟೋನ್ ನಾಲ್ಕೈದು ಸೆಕೆಂಡು ಮಾತ್ರ. ಸೈನ್ ಟೋನಿಗೆ ಹಾಡಿನ ಹಾಗೆ ಬಿಡುವು ಇರಲ್ಲ, ಕಾಯಿಲ್ ಬೇಗ ಕಾಯುತ್ತದೆ.

ಸಿಗ್ನಲ್ ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಇದ್ದರೆ ಫಿಲ್ಟರ್ ಯಾಕೆ ಅಂತ ಕೇಳುತ್ತಾರೆ. ಲಿಮಿಟರ್ ನೋಡುವುದು ವೋಲ್ಟೇಜ್. ಅದಕ್ಕೆ 60 ಹರ್ಟ್ಜ್ ಒಂದೇ, 12 ಹರ್ಟ್ಜ್ ಒಂದೇ. ಕೋನಿಗೆ ಹಾಗಲ್ಲವಲ್ಲ! ಹಾಗಂತ ಲಿಮಿಟರ್ ಬೇಡ ಅಂತಲ್ಲ, ಅದು ಕಾಯಿಲನ್ನು ಬಿಸಿಯಿಂದ ಉಳಿಸಲಿಕ್ಕೆ. 300 ವಾಟನ್ನು 4 ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 34.6 ವೋಲ್ಟ್. ನಾನು 28ಕ್ಕೇ ನಿಲ್ಲಿಸಿದೆ, ಅಂದರೆ 200 ವಾಟಿನ ಹತ್ತಿರ. ಡ್ರೈವರ್ ವೈರ್ ಬಿಚ್ಚಿ, 50 ಹರ್ಟ್ಜ್ ಟೋನ್ ಹಾಕಿ, ಆಂಪ್ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ನೋಡಿದರಾಯಿತು.

ಈಕ್ಯೂನಲ್ಲಿ (ಫ್ರೀಕ್ವೆನ್ಸಿಗೆ ತಕ್ಕಂತೆ ಶಬ್ದ ಏರಿಸಿ ಇಳಿಸುವ ಸೆಟ್ಟಿಂಗ್) 25 ಹರ್ಟ್ಜ್‌ಗಿಂತ ಕೆಳಗೆ ಒಂದು ಡೆಸಿಬಲ್ ಕೂಡ ಏರಿಸಿಲ್ಲ. 3 ಡೆಸಿಬಲ್ ಏರಿಸಿದರೆ ಆಂಪ್ ಎರಡರಷ್ಟು ಪವರ್ ಕೊಡಬೇಕು, ಸಿಗೋದು ಏನೂ ಇಲ್ಲ. ರೆಕಾರ್ಡ್ ಪ್ಲೇಯರ್ ಇರುವವರು ಫಿಲ್ಟರ್ ಆಫ್ ಮಾಡಿ ಸ್ವಲ್ಪ ಸೊಟ್ಟಗಿರುವ ಎಲ್‌ಪಿ ಹಾಕಿ ನೋಡಿ. ಸೂಜಿ ಏರಿಳಿದಂತೆಲ್ಲ ಕೋನ್ ಸುಮ್ಸುಮ್ನೆ ಒಳಗೆ ಹೊರಗೆ ಹೋಗುತ್ತಿರುತ್ತದೆ. ಫಿಲ್ಟರ್ ಆನ್ ಮಾಡಿದರೆ ಅದು ನಿಲ್ಲುತ್ತದೆ, ಹಾಡಿನ ಬೇಸ್‌ನಲ್ಲಿ ನನ್ನ ಕಿವಿಗೆ ಏನೂ ಕಮ್ಮಿ ಅನ್ನಿಸಿಲ್ಲ.