ಮೊಸಾಯಿಕ್ ತರುವ ಮೊದಲು ಒಂದು ರಾತ್ರಿ ನಿಮ್ಮ ಅಡಿಗೆ ಮನೆಯಲ್ಲಿ ಇಟ್ಟು ನೋಡಿ

ಹೋದ ವರ್ಷ ಪಂಚಮಿಗೆ ನನ್ನ ತಂಗಿಯ ಮಗನ ಮನೆಗೆ ಹೋಗಿದ್ದೆ. ಬಾಗಲಕೋಟೆ ವಿದ್ಯಾಗಿರಿಯಲ್ಲಿ ಹೊಸದಾಗಿ ಕಟ್ಟಿಸಿದ ಮನೆ. ವಾಸ್ತುಶಾಂತಿ ಆಗಿ ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಗ್ಯಾಸ್ ಕಟ್ಟೆಯ ಹಿಂದಿನ ಗೋಡೆಗೆ ಬಿಳಿ ಮಾರ್ಬಲ್ ತುಂಡು, ನಡುನಡುವೆ ತಿಳಿಹಸಿರು ಗಾಜಿನ ತುಂಡು ಸೇರಿಸಿದ ಮೊಸಾಯಿಕ್ ಹಾಕಿಸಿದ್ದರು. ದೂರದಿಂದ ಚೆಂದ ಇತ್ತು. ಹತ್ತಿರ ಹೋಗಿ ಕೈಯಾಡಿಸಿದೆ, ಹೊಟ್ಟೆ ಚುರ್ ಅಂದಿತು. ಮಾರ್ಬಲ್ಲಿನ ಹೊಳಪೆಲ್ಲ ಸತ್ತು ಸುಣ್ಣ ಬಳಿದ ಗೋಡೆಯಂತೆ ತರಿತರಿ ಆಗಿತ್ತು. ಸಂದುಗಳಲ್ಲಿ ಅರಿಶಿನದ ಹಳದಿ ಕೂತಿತ್ತು. ಗಾಜಿನ ಹಸಿರಂತೂ ಪಾತ್ರೆ ತೊಳೆದ ನೀರಿನ ಬಣ್ಣ.

"ಎಷ್ಟು ತಿಕ್ಕಿದರೂ ಹೋಗವಲ್ದ್ರಿ ಅತ್ತಿ," ಅಂದಳು ಸೊಸೆ. ಏನು ಹಾಕಿ ತಿಕ್ಕಿದಿ ಅಂತ ಕೇಳಿದೆ. ಪಾಯಖಾನೆಗೆ ಹಾಕುವ ಆಸಿಡ್ ಅಂತೆ! ನನಗೆ ಸಿಟ್ಟು ತಡೆಯಲಿಲ್ಲ. ಆ ಹುಡುಗಿ ಮೇಲಲ್ಲ. ಅಷ್ಟು ದುಡ್ಡು ಇಸಿದುಕೊಂಡು ಒಂದು ಮಾತೂ ಹೇಳದ ಅಂಗಡಿಯವನ ಮೇಲೆ, ಕೇಳದೆ ತಂದ ನಮ್ಮ ಹುಡುಗನ ಮೇಲೆ. ಆಮೇಲೆ ಇನ್ನೂ ಎರಡು ಮನೆಗಳಲ್ಲಿ ಇದನ್ನೇ ನೋಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಮೊಸಾಯಿಕ್ ಅಂದರೆ ಸಿಮೆಂಟಿನಲ್ಲಿ ಕಲ್ಲಿನ ಚೂರು ಕಲಸಿ, ಮಷಿನ್ನಿನಿಂದ ತಿಕ್ಕಿ ಹೊಳಪು ತಂದ ನೆಲ. ಈಗ ಅಂಗಡಿಯಲ್ಲಿ ಕೊಡುವುದು ಬೇರೆ. ಹತ್ತಿರ ಹತ್ತಿರ 1 ಅಡಿ ಅಗಲ, 1 ಅಡಿ ಉದ್ದದ ಶೀಟು, ಹಿಂದೆ ಜಾಳಿಗೆ ಬಲೆ, ಅದರ ಮೇಲೆ ಅಂಟಿಸಿದ ಸಣ್ಣ ಸಣ್ಣ ತುಂಡುಗಳು. ಗಾಜಿನದ್ದೂ ಸಿಗುತ್ತದೆ, ಕಲ್ಲಿನದ್ದೂ ಸಿಗುತ್ತದೆ, ಎರಡೂ ಕೂಡಿದ್ದೂ ಸಿಗುತ್ತದೆ. ಒಂದು ಶೀಟಿನಲ್ಲಿ ನೂರರ ಮೇಲೆ ತುಂಡು ಇದ್ದರೆ ಸಂದು ಎಷ್ಟಾಯಿತು ಲೆಕ್ಕ ಹಾಕಿ. ನೀವು ಆರಿಸುತ್ತಿರುವುದು ಬರೀ ತುಂಡುಗಳನ್ನಲ್ಲ, ಆ ಸಂದುಗಳನ್ನೂ ಸೇರಿಸಿ. ದಿನಾ ಒರೆಸುವವರಿಗೆ ಇದು ಬೇಗ ತಿಳಿಯುತ್ತದೆ.

ಗಾಜು ನೀರು ಕುಡಿಯುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ, ಹುಳಿಗೆ ಜಗ್ಗುವುದಿಲ್ಲ. ಕಲ್ಲು ಹಾಗಲ್ಲ, ಒಂದೊಂದು ಕಲ್ಲಿಗೆ ಒಂದೊಂದು ಗುಣ. ಮಾರ್ಬಲ್ ಮತ್ತು ನಮ್ಮ ಶಹಾಬಾದ್ ಫರಶಿ ಎರಡೂ ಸುಣ್ಣದ ಜಾತಿಯ ಕಲ್ಲು. ಹುಳಿ ಬಿದ್ದರೆ ಕರಗುತ್ತವೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಗೆ ಕರಗುವುದಿಲ್ಲ. ಬಾದಾಮಿ ಕಡೆಯ ಮರಳುಗಲ್ಲಿನ ಬಾಳಿಕೆ ಬಗ್ಗೆ ನಾನು ಹೇಳಬೇಕಾಗಿಲ್ಲ, ಅಲ್ಲಿಯ ಮೂರನೇ ಗುಹೆ 578ರದ್ದು. ಆದರೆ ಅದು ನೀರು, ಎಣ್ಣೆ ಎರಡನ್ನೂ ಹೀರುವ ಕಲ್ಲು. ಪಡಸಾಲೆಯ ಗೋಡೆಗೆ ಚೆಲುವಾಗಿ ಕಾಣುತ್ತದೆ, ಒಲೆಯ ಹಿಂದೆ ಬೇಡ.

ಇದನ್ನೆಲ್ಲ ನನಗೆ ಯಾವ ಅಂಗಡಿಯವನೂ ಕಲಿಸಲಿಲ್ಲ, ಅವ್ವ ಕಲಿಸಿದಳು. ಹಳೇ ಬಾಗಲಕೋಟೆಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡಿಗೆ ಮನೆಗೆ ಫರಶಿ ಹಾಸಿತ್ತು. ಅವ್ವ ನಿಂಬೆಕಾಯಿ ಉಪ್ಪಿನಕಾಯಿ ಭರಣಿಯನ್ನು ಎಂದೂ ನೆಲದ ಮೇಲೆ ಇಡುತ್ತಿರಲಿಲ್ಲ, ಕಟ್ಟಿಗೆ ಮಣೆಯ ಮೇಲೆ ಇಡುತ್ತಿದ್ದಳು. ನಾನು ಒಮ್ಮೆ ಅವಸರದಲ್ಲಿ ಫರಶಿ ಮೇಲೆ ಇಟ್ಟು ಮರೆತೆ. ಭರಣಿಯ ಹೊರಗೆ ರಸ ಇಳಿದಿತ್ತು. ಮರುದಿನ ಎತ್ತಿದರೆ ಕಲ್ಲಿನ ಮೇಲೆ ಬಳೆಯಷ್ಟು ದುಂಡನೆಯ ಬಿಳಿ ಗುರುತು. ಬೂದಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಅವ್ವ ಬೈಯಲಿಲ್ಲ. ನನ್ನ ಬೆರಳು ಹಿಡಿದು ಆ ಗುರುತಿನ ಮೇಲೆ ಆಡಿಸಿ, "ನೋಡು, ಇದು ಕಲೆ ಅಲ್ಲ, ಕಲ್ಲನ್ನ ತಿಂದೈತಿ," ಅಂದಳು. ಆಲಮಟ್ಟಿ ಹಿನ್ನೀರಿಗೆ ಆ ಭಾಗ ಹೋಗುವಾಗ ನಾವು ಮನೆ ಬಿಟ್ಟು ನವನಗರಕ್ಕೆ ಬಂದೆವು. ಸಾಮಾನೆಲ್ಲ ತೆಗೆದ ಮೇಲೆ ಖಾಲಿ ಅಡಿಗೆ ಮನೆಯಲ್ಲಿ ಆ ಬಳೆ ಗುರುತು ಹಾಗೇ ಇತ್ತು.

ಈಗ ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಒಂದೇ. ಅಂಗಡಿಯಲ್ಲಿ ನಿಂತು ಆರಿಸಬೇಡಿ. ಅಲ್ಲಿಯ ಲೈಟಿನ ಕೆಳಗೆ ಎಲ್ಲವೂ ಚಿನ್ನ. ಇಳಕಲ್ಲ ಸೀರೆ ಕೊಳ್ಳುವಾಗ ಬಾಗಿಲಿಗೆ ತಂದು ಬಿಸಿಲಲ್ಲಿ ಬಣ್ಣ ನೋಡುವುದಿಲ್ವಾ? ಹಾಗೆ. ಮನಸ್ಸಿಗೆ ಬಂದ ಎರಡು ಮೂರು ನಮೂನೆಯಲ್ಲಿ ಒಂದೊಂದು ಶೀಟು ದುಡ್ಡು ಕೊಟ್ಟು ತನ್ನಿ. ಪ್ಯಾಕೆಟ್ಟಿನೊಳಗಿನದೇ ಕೇಳಿ. ಹಲಗೆಗೆ ಅಂಟಿಸಿ ತೋರಿಸುವ ನಮೂನೆಗೆ ಮೊದಲೇ ಪಾಲಿಶ್, ಕಲೆ ತಡೆಯುವ ಸೀಲರ್ ಏನಾದರೂ ಬಳಿದಿರಬಹುದು.

ಮನೆಗೆ ತಂದ ಮೇಲೆ ಶೀಟಿನ ಹಿಂದಿನ ಬಲೆಯನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕು ಬೆರಳು ಅಗಲದ ಪಟ್ಟಿ ಮಾಡಿಕೊಳ್ಳಿ. ಒಂದು ಪಟ್ಟಿಯನ್ನು ಸ್ಟೀಲ್ ತಾಟಿನಲ್ಲಿ ಮುಖ ಮೇಲೆ ಮಾಡಿ ಇಡಿ. ಮೊದಲ ಸಾಲಿಗೆ ಎಣ್ಣೆಗಾಯಿ ಮಾಡಿದ ಪಾತ್ರೆಯ ತಳದಲ್ಲಿ ಉಳಿಯುತ್ತದಲ್ಲ, ಅರಿಶಿನ ಖಾರ ಬೆರೆತ ಎಣ್ಣೆ, ಅದನ್ನು ಬೆಚ್ಚಗೆ ಇರುವಾಗಲೇ ಒಂದು ಚಮಚೆ ಬಿಡಿ. ತಣ್ಣಗಾದದ್ದು ಬೇಡ. ಒಲೆಯ ಹಿಂದೆ ಸಿಡಿಯುವುದು ಬಿಸಿ ಎಣ್ಣೆಯೇ. ಎರಡನೇ ಸಾಲಿಗೆ ಗಟ್ಟಿ ಹುಣಸೆ ಹುಳಿ, ಸಾರಿಗೆ ಹಿಂಡುವಷ್ಟು ತೆಳು ಅಲ್ಲ, ಬೆರಳಿಗೆ ಹತ್ತಬೇಕು. ಮೂರನೇ ಸಾಲಿನ ಮೇಲೆ ಹೋಳು ಮಾಡಿದ ನಿಂಬೆಹಣ್ಣನ್ನು ಬೋರಲು ಇಡಿ. ಇಂಡಿ ಕಡೆಯ ರಸಭರಿತ ನಿಂಬೆ ಆದರೆ ಒಳ್ಳೆಯದು. ನಾಲ್ಕನೇ ಸಾಲಿನ ಮೇಲೆ ನಿಮ್ಮ ಮನೆಯ ಬೋರಿನ ನೀರು ನಿಲ್ಲಿಸಿ. ಒರೆಸಬೇಡಿ, ತಾನೇ ಆರಲಿ. ಕೊನೆಯ ಸಾಲನ್ನು ಮುಟ್ಟಬೇಡಿ, ಬೆಳಿಗ್ಗೆ ಹೋಲಿಸಿ ನೋಡಲು ಅದೇ ಬೇಕು. ತಾಟನ್ನು ಮೂಲೆಯಲ್ಲಿ ಇಟ್ಟು ಮಲಗಿ.

ಬೆಳಿಗ್ಗೆ ನೀವು ದಿನಾ ಪಾತ್ರೆ ತೊಳೆಯುವ ಸಾಬೂನು, ಅದೇ ತಿಕ್ಕುವ ಬ್ರಷ್ ಹಿಡಿದು ತೊಳೆಯಿರಿ. ಬಟ್ಟೆಯಿಂದ ಒರೆಸಿ, ಚಹಾ ಕುಡಿಯುವಷ್ಟು ಹೊತ್ತು ಬಿಡಿ. ನೀರಿನ ಪಸೆ ಇರುವಾಗ ಎಲ್ಲ ಕಲ್ಲೂ ಹೊಳೆಯುತ್ತದೆ, ಮೋಸ ಹೋಗುತ್ತೀರಿ. ಒಣಗಿದ ಮೇಲೆ ಕಿಟಕಿಗೆ ಒಯ್ದು ಓರೆಯಾಗಿ ಹಿಡಿಯಿರಿ. ನೇರ ನೋಡಿದರೆ ಬಣ್ಣ ಕಾಣುತ್ತದೆ, ಓರೆ ನೋಡಿದರೆ ಹೊಳಪು ಕಾಣುತ್ತದೆ. ನಿಮಗೆ ಬೇಕಾದದ್ದು ಹೊಳಪು. ಮಾರ್ಬಲ್ ಆದರೆ ನಿಂಬೆ ಇಟ್ಟ ಕಡೆ ಮಂಕು ಉಂಗುರ ಬಿದ್ದಿರುತ್ತದೆ. ಬೆರಳಿನ ತುದಿಗೆ ತರಿ ತಾಗುತ್ತದೆ. ಎಣ್ಣೆಯ ಸಾಲು ಹಳದಿ ಹಿಡಿದಿದ್ದರೆ ಆ ಕಲ್ಲಿಗೆ ಬಾಯಾರಿಕೆ ಜಾಸ್ತಿ ಅಂತ ತಿಳಿಯಿರಿ. ಬೋರಿನ ನೀರು ಬಿಟ್ಟ ಸಾಲನ್ನು ಮರೆಯಬೇಡಿ. ನಮ್ಮ ಕಡೆ ಸವಳು ನೀರು, ಕಪ್ಪು ಗಾಜಿನ ಮೇಲೆ ಅದರ ಬಿಳಿ ಕಲೆ ಎದ್ದು ಕಾಣುತ್ತದೆ. ಕಪ್ಪು, ಕಡುನೀಲಿ ಗಾಜು ಬಚ್ಚಲಿಗೆ ಹಾಕಿಸಿ ದಿನಾ ಒರೆಸುತ್ತಾ ನಿಲ್ಲುವ ಗೋಳು ಏಕೆ? ತಿಳಿ ಬಣ್ಣ ಆರಿಸಿ.

ಎರಡನೇ ಪಟ್ಟಿಯನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ ಇಡಿ. ಕೆಲವು ಶೀಟಿನ ಅಂಟು ನೀರಿಗೆ ಬಿಟ್ಟು ತುಂಡುಗಳು ಒಂದೊಂದೇ ಉದುರುತ್ತವೆ. ಅಂಥದ್ದು ಬಚ್ಚಲಿಗೆ ಬೇಡವೇ ಬೇಡ. ಗಾಜಿನ ತುಂಡು ತಿರುಗಿಸಿ ಹಿಂದುಗಡೆ ಉಗುರಿನಿಂದ ಕೆರೆದು ನೋಡಿ. ಬಣ್ಣ ಗಾಜಿನೊಳಗೇ ಇರುವುದು ಒಂದು ಜಾತಿ, ಬರೀ ಬಿಳಿ ಗಾಜಿನ ಬೆನ್ನಿಗೆ ಬಣ್ಣ ಬಳಿದದ್ದು ಇನ್ನೊಂದು. ಬೆನ್ನಿನ ಬಣ್ಣ ಸುಲಿದು ಬಂದರೆ ಅದನ್ನು ತಿರುಗಿ ಅಂಗಡಿಗೇ ಕೊಟ್ಟು ಬನ್ನಿ.

ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ನನ್ನದು ಒಂದೇ ಮಾತು. ಒಂದು ರಾತ್ರಿ ತಡೆಯಲು ಆಗದವರು ಇಪ್ಪತ್ತು ವರ್ಷ ಆ ಗೋಡೆ ನೋಡುತ್ತಾ ಕೂರಬೇಕು.

ಹುಣಸೆ ಅಂದಾಗ ನೆನಪಾಯಿತು. ಹಿತ್ತಾಳೆಯ ದೀಪದ ಸಮೆ, ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ಸಿಂಕಿನ ಬದಿಗೆ ನೆನೆಯಲು ಇಡುತ್ತೀರಲ್ಲ, ಅದರ ರಸ ಕಟ್ಟೆಯ ಮೇಲೆ ಹರಿದು ಗೋಡೆಯ ಬುಡಕ್ಕೆ ಹೋಗುತ್ತದೆ. ಪರಾತದೊಳಗೆ ಇಟ್ಟು ತಿಕ್ಕಿ. ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಸುಮ್ನೆ ಬೋರಲು ಹಾಕಿ ಹೋಗಬೇಡಿ. ನಮ್ಮ ನೀರಿಗೆ ಹಿತ್ತಾಳೆ ಸಂಜೆಯೊಳಗೆ ಮತ್ತೆ ಕಲೆಕಲೆ ಆಗುತ್ತದೆ.

ಈಗ ಯಾವುದು ಎಲ್ಲಿ ಅನ್ನುವುದು. ಒಲೆಯ ಹಿಂದೆ ಗಾಜು. ಕಲ್ಲೇ ಬೇಕು ಅಂದರೆ ಗ್ರಾನೈಟ್. ಮಾರ್ಬಲ್ ಆಸೆ ಇದ್ದವರು ದೇವರ ಮನೆಗೆ, ಪಡಸಾಲೆಗೆ ಹಾಕಿಸಿ. ದೇವರ ಮನೆಯಲ್ಲೂ ಕುಂಕುಮ, ಎಣ್ಣೆ ತಾಗದಷ್ಟು ಮೇಲಕ್ಕೆ. ಬಚ್ಚಲ ನೆಲಕ್ಕೆ ನಯವಾದ ಗಾಜು ಹಾಕಿಸಬೇಡಿ, ವಯಸ್ಸಾದವರು ಇರುವ ಮನೆ ಆದರಂತೂ ನಿಮಗೆ ಕೈ ಮುಗಿಯುತ್ತೇನೆ. ಪಾಲಿಶ್ ಇಲ್ಲದ ಕಲ್ಲಿನ ಸಣ್ಣ ತುಂಡು ಹಾಕಿಸಿ. ಸಂದು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ, ನೀರು ಹರಿಯುವ ಇಳಿಜಾರಿಗೂ ಚೆನ್ನಾಗಿ ಬಾಗುತ್ತದೆ.

ಕಲ್ಲಿಗೆ ಸೀಲರ್ ಬಳಿಸಿ, ಸಂದು ತುಂಬುವ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಮೊದಲು ಬಳಿಯದಿದ್ದರೆ ಸಂದಿಗೆ ತುಂಬುವ ಗ್ರೌಟಿನ ಬಣ್ಣವನ್ನೇ ಕಲ್ಲು ಕುಡಿದುಬಿಡುತ್ತದೆ. ಆದರೆ ಸೀಲರ್ ಕಲೆ ತಡೆಯುತ್ತದೆ, ಹುಳಿ ತಡೆಯುವುದಿಲ್ಲ. "ಸೀಲರ್ ಹಚ್ಚೇವ್ರಿ, ಏನೂ ಆಗಂಗಿಲ್ಲ" ಅನ್ನುವವರ ಮಾತು ನಂಬಿ ಮಾರ್ಬಲ್ ಮೇಲೆ ನಿಂಬೆ ಹಿಂಡಬೇಡಿ. ಕಲ್ಲಿನ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನಂತೆ ನಿಂತರೆ ಸೀಲರ್ ಇನ್ನೂ ಇದೆ, ಕಲ್ಲು ಕಪ್ಪಾದರೆ ಮತ್ತೆ ಬಳಿಯುವ ಕಾಲ ಬಂತು.

ಗಾಜಿಗೆ ಬೂದು ಸಿಮೆಂಟ್ ಹಚ್ಚಲು ಗೌಂಡಿಗೆ ಬಿಡಬೇಡಿ. ಬಿಳಿ ಬಣ್ಣದ, ಗಾಜು ಹಿಡಿಯುವ ಟೈಲ್ಸ್ ಅಂಟೇ ಬೇಕು. ನಮ್ಮ ಹುಡುಗನ ಮನೆಯ ಹಸಿರು ಕೆಟ್ಟಿದ್ದು ಇದರಿಂದಲೇ. ಗಾಜಿನ ಹಿಂದೆ ಇದ್ದದ್ದೆಲ್ಲ ಮುಂದೆ ಕಾಣುತ್ತದೆ, ಕರಣೆಯ ಹಲ್ಲು ಎಳೆದ ಗೆರೆ ಕೂಡ. ಅಂಟನ್ನು ಹಲ್ಲಿನ ಕರಣೆಯಿಂದ ಎಳೆದ ಮೇಲೆ ಸಪಾಟಾಗಿ ಸವರಿ, ಆಮೇಲೆ ಶೀಟು ಒತ್ತಬೇಕು. ಎದುರಿಗೆ ನಿಂತು ಮಾಡಿಸಿಕೊಳ್ಳಿ. ಗ್ರೌಟು ಮರಳು ಇಲ್ಲದ್ದು ಇರಲಿ, ಮರಳಿನದ್ದು ಗಾಜಿಗೂ ಪಾಲಿಶ್ ಮಾರ್ಬಲ್‌ಗೂ ಗೀರು ಹಾಕುತ್ತದೆ. ಒಲೆಯ ಹಿಂದೆ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಒಳ್ಳೆಯದು, ಅದು ಎಣ್ಣೆ ಕುಡಿಯುವುದಿಲ್ಲ. ಬೇಗ ಗಟ್ಟಿಯಾಗುತ್ತದೆ, ಹಚ್ಚಿದ ಹಾಗೇ ಒರೆಸುತ್ತಾ ಹೋಗಬೇಕು. ಬಣ್ಣ ಅಚ್ಚ ಬಿಳಿ ಬೇಡ, ಜೋಳದ ಹಿಟ್ಟಿನ ಬಣ್ಣ ಸಾಕು.

ಇನ್ನೊಂದು, ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಗೋಡೆಯೂ ಸೀಳುತ್ತದೆ. ಗೋಡೆ ಸೀಳಿದರೆ ಅದರ ಮೇಲಿನ ಗಾಜೂ ಸೀಳುತ್ತದೆ. ಹೊಸ ಮನೆಯಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಅಲ್ಲಿಯವರೆಗೆ ಗೋಡೆಗೆ ಬಣ್ಣ ಹಚ್ಚಿಕೊಂಡು ಇರಿ. ಅಷ್ಟು ತಡೆಯಲು ಆಗದಿದ್ದರೆ ಗಿಲಾವ್ (ಪ್ಲಾಸ್ಟರ್) ಮಾಡಿ 4 ವಾರವಾದರೂ ಬಿಡಿ.

ತರುವಾಗ ಲೆಕ್ಕಕ್ಕಿಂತ ನೂರಕ್ಕೆ ಹತ್ತು ಜಾಸ್ತಿ ತನ್ನಿ. ಡಬ್ಬಗಳ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿ. ಕಲ್ಲಿನದ್ದಾದರೆ ಎಲ್ಲ ಡಬ್ಬ ಬಿಚ್ಚಿ, ಜಮಖಾನದ ಮೇಲೆ ಹರಡಿ, ಶೀಟುಗಳನ್ನು ಕಲಸಿ ಜೋಡಿಸಿ. ಬಾಗಿಲಲ್ಲಿ ನಿಂತು ಕಣ್ಣು ಸಣ್ಣ ಮಾಡಿ ನೋಡಿ, ಒಂದು ಕಡೆ ಕಪ್ಪು ಒಂದು ಕಡೆ ಬಿಳಿ ಗುಂಪಾಗಿದ್ದರೆ ಅದಲು ಬದಲು ಮಾಡಿ. ಕೆಲಸ ಮುಗಿದ ಮೇಲೆ ಉಳಿದ ಶೀಟನ್ನು ಗೌಂಡಿಗೆ ಕೊಟ್ಟು ಕಳಿಸಬೇಡಿ. ನಂಬರ್ ಇರುವ ಡಬ್ಬದ ಸಮೇತ ಅಟ್ಟದ ಮೇಲೆ ಇಡಿ.