ಹವಳದ ತೊಟ್ಟಿಗೆ ಮೊದಲ ಮೀನು: ಬಣ್ಣ ಆಮೇಲೆ, ಹಸಿವು ಮೊದಲು

ಮನೆಯಲ್ಲಿ ರೀಫ್ ಟ್ಯಾಂಕ್ (ಜೀವಂತ ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿ) ಇಟ್ಟವರಲ್ಲಿ ಒಂದೇ ಎಡವಟ್ಟನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಉಪ್ಪುನೀರು ಹದಕ್ಕೆ ಬರಲಿ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಲೈಟು, ಪಂಪು, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ಗೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಮೀನನ್ನು ಮಾತ್ರ ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತಾರೆ. ಅಂಗಡಿಯ ನೀಲಿ ಬೆಳಕಿನಲ್ಲಿ ಯಾವುದು ಹೊಳೆಯಿತೋ ಅದು ಚೀಲ ಸೇರುತ್ತದೆ. ವಾರ ಕಳೆಯುವುದರೊಳಗೆ ಅದು ಸತ್ತಿರುತ್ತದೆ, ಇಲ್ಲವೇ ಉಳಿದ ಮೀನುಗಳನ್ನು ಮೂಲೆಗೆ ಅಟ್ಟಿರುತ್ತದೆ. ಬಣ್ಣವೂ ಇರಬೇಕು, ಸಾಧು ಸ್ವಭಾವವೂ ಇರಬೇಕು, ಹವಳಕ್ಕೆ ಬಾಯಿ ಹಾಕಲೂ ಬಾರದು ಎನ್ನುವವರಿಗೆ ಈ ಬರಹ. ಮೂರಡಿ ಉದ್ದದ, ಸುಮಾರು 190 ಲೀಟರ್ ಹಿಡಿಯುವ ತೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ನೀರು ಪರೀಕ್ಷಿಸಿ

ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ಉಷ್ಣತೆ 25–26 ಡಿಗ್ರಿ, ಸಾಂದ್ರತೆ 1.025. ಇಷ್ಟಾಗುವವರೆಗೆ ಅಂಗಡಿ ಕಡೆ ಹೋಗಬೇಡಿ. ಸಾಂದ್ರತೆ ಅಳೆಯಲು ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡವೇ ಬೇಡ. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ಜೊತೆಗೆ ಅದನ್ನು ಸರಿಹೊಂದಿಸುವ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣವನ್ನೂ ಕೊಳ್ಳಿ.

ಹಂತ 2: ಯಾವುದು ಬೇಡ ಎಂದು ಮೊದಲು ತೀರ್ಮಾನಿಸಿ

ನೇತ್ರಾಣಿಯಲ್ಲಿ ಡೈವಿಂಗ್ ಮಾಡಿ ಬಂದವರು ಮೊದಲು ಕೇಳುವುದು ಚಿಟ್ಟೆಮೀನು. ಅವುಗಳಲ್ಲಿ ಹೆಚ್ಚಿನವು ಹವಳದ ಪಾಲಿಪ್‌ಗಳನ್ನೇ (ಹವಳ ಕಟ್ಟುವ ಪುಟ್ಟ ಜೀವಿಗಳನ್ನೇ) ಮೇಯುತ್ತವೆ. ರೀಫ್ ಟ್ಯಾಂಕ್‌ಗೆ ತಂದರೆ ಹವಳದ ಆಸೆ ಬಿಡಬೇಕಾಗುತ್ತದೆ. (ಡೈವಿಂಗ್‌ಗೆ ಹೋದವರು ಹವಳದ ಕಲ್ಲಿನ ಒಂದು ಚೂರನ್ನೂ ತರಬಾರದು. ನಮ್ಮ ಕಡಲಿನ ಗಟ್ಟಿ ಹವಳ, ಸಮುದ್ರಕುದುರೆಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.) ಮಕ್ಕಳು ಹಟ ಹಿಡಿಯುವ ನೀಲಿ ಟ್ಯಾಂಗ್ ಅಂಗಡಿಯಲ್ಲಿ ಹೆಬ್ಬೆರಳುದ್ದ ಇರುತ್ತದೆ, ಬೆಳೆದರೆ ಒಂದಡಿ ಮುಟ್ಟುತ್ತದೆ. ಮೂರಡಿ ತೊಟ್ಟಿ ಅದಕ್ಕೆ ಸೆರೆಮನೆ. ಡ್ಯಾಮ್ಸೆಲ್ ಎಂಬ ಪುಟ್ಟ ಮೀನು ಅಗ್ಗ, ಗಟ್ಟಿಜೀವ. ಆದರೆ ಬಹುಪಾಲು ಡ್ಯಾಮ್ಸೆಲ್‌ಗಳು ಒಮ್ಮೆ ಜಾಗ ಹಿಡಿದರೆ ಹೊಸಬರನ್ನು ಬದುಕಗೊಡುವುದಿಲ್ಲ. ಅವನ್ನು ಮತ್ತೆ ಹಿಡಿದು ಹೊರಹಾಕಬೇಕೆಂದರೆ ಬಂಡೆಗಳನ್ನೆಲ್ಲ ಕಿತ್ತು ತೆಗೆಯಬೇಕು.

ಮ್ಯಾಂಡರಿನ್ ಮೀನಿನ ವಿಷಯದಲ್ಲಿ ನನಗೆ ಸಂಕಟವೇ ಆಗುತ್ತದೆ. ಇಷ್ಟು ಚೆಂದದ, ಇಷ್ಟು ಸಾಧುವಾದ ಮೀನು ಇನ್ನೊಂದಿಲ್ಲ. ಅದು ದಿನವಿಡೀ ಬಂಡೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಕೋಪೆಪಾಡ್‌ಗಳನ್ನು (ಸೀಗಡಿಯ ದೂರದ ಬಳಗದ ಜೀವಿಗಳನ್ನು) ಹೆಕ್ಕಿ ತಿನ್ನುತ್ತದೆ. ಹೊಸ ತೊಟ್ಟಿಯಲ್ಲಿ ಅವು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತವೆ. ಆಮೇಲೆ ಮೀನು ನಿಮ್ಮ ಕಣ್ಣೆದುರೇ ಹಸಿವಿನಿಂದ ಸೊರಗಿ ಸಾಯುತ್ತದೆ. "ಫ್ಲೇಕ್ (ಒಣ ಚಕ್ಕೆ ಆಹಾರ) ಹಾಕಿದರೂ ತಿನ್ನುತ್ತೆ ಸಾರ್" ಎನ್ನುವ ಅಂಗಡಿಯವರ ಮಾತು ನಂಬಬೇಡಿ. ಒಂದು ವರ್ಷ ಚೆನ್ನಾಗಿ ನಡೆದ ದೊಡ್ಡ ತೊಟ್ಟಿ ಇದ್ದರೆ ಮಾತ್ರ ಆ ಯೋಚನೆ.

ಹಂತ 3: ನನ್ನ ಆಯ್ಕೆ ರಾಯಲ್ ಗ್ರಾಮಾ

ಕೆರಿಬಿಯನ್ ಕಡಲಿನದು. ಮುಂಭಾಗ ಗಾಢ ನೇರಳೆ, ಹಿಂಭಾಗ ಅರಿಸಿನ ಹಳದಿ, ಬೆಳೆದರೂ 8 ಸೆಂಟಿಮೀಟರ್ ಮೀರುವುದಿಲ್ಲ. ಹವಳದ ತಂಟೆಗೆ ಹೋಗುವುದಿಲ್ಲ. ಯಾರಾದರೂ ತನ್ನ ಗುಹೆಯ ಹತ್ತಿರ ಬಂದರೆ ಬಾಯಿ ಅಗಲಿಸಿ ಹೆದರಿಸುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ತನ್ನದೇ ಜಾತಿಯೊಂದಿಗೆ ಮಾತ್ರ ಕಾದಾಡುತ್ತದೆ. ಆದ್ದರಿಂದ ಒಂದೇ ಸಾಕು. ಇದು ಬಂಡೆಯ ಚಾಚಿನ ಕೆಳಗೆ ಹೊಟ್ಟೆ ಮೇಲೆ ಮಾಡಿ, ತಲೆಕೆಳಗಾಗಿ ತೇಲುತ್ತಿರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಕಾಯಿಲೆಯಲ್ಲ. ಬಂಡೆಯ ಯಾವ ಮೈ ಹತ್ತಿರವಿದೆಯೋ ಅದಕ್ಕೆ ಹೊಟ್ಟೆ ಕೊಟ್ಟು ಈಜುವುದು ಅದರ ರೂಢಿ.

ದುಬಾರಿಯೆನಿಸಿದರೆ ಕ್ಲೌನ್ ಮೀನಿನ ಜೋಡಿ ತನ್ನಿ. ನಮ್ಮ ದೇಶದಲ್ಲೇ ಮರಿ ಮಾಡಿಸಿದ್ದನ್ನೇ ಕೇಳಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಈ ಕೆಲಸ ಮಾಡಿ ತೋರಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಮೊದಲ ದಿನದಿಂದಲೇ ಕೈಯಾರೆ ಹಾಕಿದ್ದನ್ನು ತಿನ್ನುತ್ತದೆ. ಎರಡು ಮರಿ ತಂದರೆ ದೊಡ್ಡದು ತಾನಾಗಿ ಹೆಣ್ಣಾಗುತ್ತದೆ, ಗಂಡುಹೆಣ್ಣು ಹುಡುಕುವ ತಾಪತ್ರಯವಿಲ್ಲ. ಕಡಲಲ್ಲಿ ಅವು ಆಸರೆ ಪಡೆಯುವ ಹೂವಿನಂಥ ಜೀವಿ ಅನಿಮೋನ್ ಬೇಕೇಬೇಕು ಎಂದೇನೂ ಇಲ್ಲ.

ಹಂತ 4: ಅಂಗಡಿಯಲ್ಲಿ

ಕೆಲಸ ಕೆಡುವುದು ಇಲ್ಲೇ. ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ.

ಮೊದಲು ಜಾತಿ ಖಚಿತ ಮಾಡಿಕೊಳ್ಳಿ. ರಾಯಲ್ ಡಾಟಿಬ್ಯಾಕ್ ಎಂಬ ಇನ್ನೊಂದು ಮೀನು ಹೆಚ್ಚುಕಡಿಮೆ ಇದೇ ನೇರಳೆ–ಹಳದಿ ವೇಷದಲ್ಲಿರುತ್ತದೆ. ಇಂಡೊನೇಷ್ಯಾ ಕಡೆಯಿಂದ ಬರುತ್ತದೆ, ಬೆಲೆ ಕಡಿಮೆ. ಗ್ರಾಮಾ ಎಂದೇ ಅದನ್ನು ಮಾರುವವರಿದ್ದಾರೆ. ಸ್ವಭಾವದಲ್ಲಿ ಅದು ಪುಂಡ. ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಹರಿಯುತ್ತದೆ, ಸಣ್ಣ ಸೀಗಡಿಗಳನ್ನು ಬೇಟೆಯಾಡುತ್ತದೆ. ಗಾಜಿಗೆ ಮುಖ ಹತ್ತಿರ ಇಟ್ಟು ಮೂರು ಜಾಗ ನೋಡಿ. ಒಂದು, ಬೆನ್ನಿನ ರೆಕ್ಕೆಯ ಮುಂತುದಿ. ಗ್ರಾಮಾಗೆ ಅಲ್ಲೊಂದು ಕಪ್ಪು ಚುಕ್ಕೆ ಇರುತ್ತದೆ, ಡಾಟಿಬ್ಯಾಕ್‌ಗೆ ಇರುವುದಿಲ್ಲ. ಎರಡು, ಕಣ್ಣು. ಗ್ರಾಮಾಗೆ ಮೂತಿಯಿಂದ ಕಣ್ಣು ಹಾದುಹೋಗುವ ಗೆರೆ ಎದ್ದು ಕಾಣುತ್ತದೆ. ಮೂರು, ಎರಡು ಬಣ್ಣ ಕೂಡುವ ಜಾಗ. ಗ್ರಾಮಾದಲ್ಲಿ ನೇರಳೆಯ ಅಂಚಿನೊಳಗೆ ಹಳದಿ ಚುಕ್ಕಿಗಳು ಚದುರಿಕೊಂಡು, ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತದೆ. ಡಾಟಿಬ್ಯಾಕ್‌ನಲ್ಲಿ ಗೆರೆ ಎಳೆದಂತೆ ಎರಡೂ ಬೇರೆ ಬೇರೆ ನಿಲ್ಲುತ್ತವೆ.

ಆಮೇಲೆ ಆ ಒಂದು ಮೀನಿನ ಆರೋಗ್ಯ. ನೀಲಿ ಲೈಟು ಆರಿಸಿ ಬಿಳಿ ಲೈಟು ಹಾಕಲು ಹೇಳಿ. ನೀಲಿಯಲ್ಲಿ ಸೋತ ಮೀನೂ ಹೊಳೆಯುತ್ತದೆ. ಕಣ್ಣು ತಿಳಿಯಾಗಿರಬೇಕು, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಯಾಗಲಿ ಹಿಟ್ಟು ಉದುರಿಸಿದಂಥ ಪುಡಿಯಾಗಲಿ ಇರಬಾರದು. ಎದುರಿನಿಂದ ನೋಡಿ: ತಲೆಯ ಹಿಂದೆ, ಬೆನ್ನಿನ ಎರಡೂ ಬದಿ ಮಾಂಸ ತುಂಬಿಕೊಂಡಿರಬೇಕು. ಅಲ್ಲಿ ಗುಳಿ ಬಿದ್ದಿದ್ದರೆ ಅದು ಬಹಳ ದಿನದಿಂದ ಉಪವಾಸ. ಬಾಯಿ ಬಿಟ್ಟುಕೊಂಡು ಏದುಸಿರು ಬಿಡುವ, ಒಂದೇ ಕಡೆಯ ಕಿವಿರು ಆಡಿಸುವ, ಬಂಡೆಗೆ ಮೈ ಉಜ್ಜುವ ಮೀನನ್ನು ಬಿಡಿ. ಅದೇ ತೊಟ್ಟಿಯಲ್ಲಿ ಒಂದು ಸತ್ತ ಮೀನು ಕಂಡರೆ ಆ ದಿನ ಬರಿಗೈಯಲ್ಲಿ ಬನ್ನಿ.

ಕೊನೆಗೆ ಊಟ. "ನನ್ನೆದುರು ತಿನ್ನಿಸಿ ತೋರಿಸಿ" ಎಂದು ಸಂಕೋಚವಿಲ್ಲದೆ ಕೇಳಿ. ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಹಾಕಿ ತೋರಿಸಿದರೆ ಒಪ್ಪಬೇಡಿ. ಓಡಾಡುವ ಜೀವಿಗೆ ಕಾಯಿಲೆ ಮೀನೂ ಬಾಯಿ ಹಾಕುತ್ತದೆ. ಮಂಜುಗಟ್ಟಿಸಿದ ಮೈಸಿಸ್ ಸೀಗಡಿ ಕರಗಿಸಿ ಹಾಕಿಸಿ. ಮೀನು ಗುಹೆಯಿಂದ ಚಿಮ್ಮಿ ಬಂದು, ಕಚ್ಚಿ, ನುಂಗಿ, ಮತ್ತೊಂದಕ್ಕೆ ಬರಬೇಕು. ಬಾಯಿಗೆ ಹಾಕಿ ಉಗುಳಿದರೆ ಲೆಕ್ಕಕ್ಕಿಲ್ಲ. ಎಲ್ಲ ಸರಿಯಿದ್ದರೂ ಅಂದೇ ತರಬೇಡಿ. ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಇರಿಸಿ. ವಿಮಾನದಲ್ಲಿ ದೂರ ಬಂದ ಮೀನು, ಅದರಲ್ಲೂ ಸೈನೈಡ್ ಚಿಮುಕಿಸಿ ಹಿಡಿದದ್ದು, ಸಾಯುವುದಿದ್ದರೆ ಹೆಚ್ಚಾಗಿ ಮೊದಲ ದಿನಗಳಲ್ಲೇ ಸಾಯುತ್ತದೆ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ವ್ಯಾಪಾರವೇ ಬೇಡ.

ಹಂತ 5: ಚೀಲದಿಂದ ನೀರಿಗೆ

ಎಲ್ಲರೂ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬೆರೆಸಿ ಎನ್ನುತ್ತಾರೆ. ಅಂಗಡಿ ಊರಲ್ಲೇ ಇದ್ದು ಒಂದು ಗಂಟೆಯಲ್ಲಿ ಮನೆ ಸೇರಿದರೆ ಸರಿ. ಚೆನ್ನೈ, ಮುಂಬೈಯಿಂದ ರಾತ್ರಿಯಿಡೀ ಪ್ರಯಾಣಿಸಿ ಬಂದ ಚೀಲಕ್ಕೆ ಇದು ಅಪಾಯ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ ಇಳಿದಿರುತ್ತದೆ. ಹಾಗಾಗಿ ಮೀನಿನ ವಿಸರ್ಜನೆಯ ಅಮೋನಿಯಾ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಬಿದ್ದು, ಪಿಎಚ್ ಏರಿ, ಅದೇ ಅಮೋನಿಯಂ ವಿಷವಾಗುತ್ತದೆ. ಗಂಟೆಗಟ್ಟಲೆ ಹನಿ ಬಿಡುತ್ತ ಕೂತರೆ ಮೀನು ಅದರಲ್ಲೇ ಬೇಯುತ್ತದೆ.

ದಾರಿ ಸುಲಭ. ಅಂಗಡಿಯ ನೀರಿನ ಸಾಂದ್ರತೆ ಮೊದಲೇ ಕೇಳಿ, ನಿಮ್ಮ ಪ್ರತ್ಯೇಕ ತೊಟ್ಟಿಯನ್ನು (ಹಂತ 6 ನೋಡಿ) ಅಷ್ಟಕ್ಕೇ ತಂದಿಡಿ. ಅನೇಕ ಅಂಗಡಿಗಳಲ್ಲಿ ಅದು 1.020ರ ಆಸುಪಾಸು ಇರುತ್ತದೆ. ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿದ ತಕ್ಷಣ ಮೀನನ್ನು ಕಪ್‌ನಲ್ಲಿ ಎತ್ತಿ ಬಿಡಿ. ಚೀಲದ ನೀರನ್ನು ಸಿಂಕಿಗೆ ಚೆಲ್ಲಿ. ಆಮೇಲೆ ದಿನಕ್ಕೆ 0.001ರಂತೆ ಸಾಂದ್ರತೆ ಏರಿಸುತ್ತ ಹೋಗಿ.

ಹಂತ 6: ನಾಲ್ಕು ವಾರ ಪ್ರತ್ಯೇಕವಾಸ

ಬರಿಯ ಗಾಜಿನ ತೊಟ್ಟಿ, ಸ್ಪಂಜ್ ಫಿಲ್ಟರ್, ಅಡಗಲು ಒಂದು ಪಿವಿಸಿ ಪೈಪಿನ ತುಂಡು ಸಾಕು. ಇದನ್ನು ತಪ್ಪಿಸಬೇಡಿ. ಅಂಗಡಿಗಳು ನೀರಿಗೆ ತುಸು ತಾಮ್ರ ಬೆರೆಸಿ ಬಿಳಿಚುಕ್ಕೆ ರೋಗವನ್ನು ಅದುಮಿಟ್ಟಿರುವುದುಂಟು. ಅದು ನಿಮ್ಮ ಮನೆಯಲ್ಲಿ ಹೊರಬರುತ್ತದೆ. ಮುಖ್ಯ ತೊಟ್ಟಿಗೆ ರೋಗ ಹೊಕ್ಕರೆ ಮೀನುಗಳನ್ನೆಲ್ಲ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕು. ಹವಳ, ಸೀಗಡಿ ಇರುವ ನೀರಿಗೆ ತಾಮ್ರ ಹಾಕುವಂತಿಲ್ಲ. "ಹವಳಕ್ಕೂ ಸುರಕ್ಷಿತ" ಎಂದು ಬರೆದ ಬಿಳಿಚುಕ್ಕೆ ಔಷಧಿಗಳಿಗೆ ದುಡ್ಡು ಹಾಕಬೇಡಿ, ಅವನ್ನು ನೆಚ್ಚಿಕೊಂಡವರು ಮೀನು ಕಳೆದುಕೊಂಡಿದ್ದನ್ನು ಕಂಡಿದ್ದೇನೆ.

ಹಂತ 7: ತೊಟ್ಟಿಗೆ ಬಿಡುವುದು

ಲೈಟು ಆರಿಸಿ, ಸಂಜೆ ಬಿಡಿ. ಎರಡೂ ಬಗೆ ತರುವುದಾದರೆ ಪುಕ್ಕಲು ಮೀನು ಮೊದಲು, ಧೈರ್ಯದ್ದು ಆಮೇಲೆ: ಗ್ರಾಮಾ ತನ್ನ ಗುಹೆ ಹಿಡಿದ ಮೇಲೆ ಕ್ಲೌನ್ ಜೋಡಿ ಬರಲಿ. ನಡುವೆ ಮೂರು ವಾರ ಅಂತರವಿರಲಿ, ಮೀನಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಹೊಸ ಹೊರೆಗೆ ಒಗ್ಗಿಕೊಳ್ಳಲು ಅಷ್ಟು ಬೇಕು.

ಗ್ರಾಮಾ ಹೆದರಿದರೆ ಹಾರುತ್ತದೆ. ಮೇಲೆ ಸಣ್ಣ ಕಣ್ಣಿನ ಪಾರದರ್ಶಕ ಬಲೆ ಹಾಕಿ, ಗಾಜಿನ ಮುಚ್ಚಳ ಬೇಡ. ಬೆಂಗಳೂರಿನ ಏಪ್ರಿಲ್‌ನಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೆ ಎರಡು ಡಿಗ್ರಿ ಇಳಿಯುತ್ತದೆ, ಗಾಜು ಮುಚ್ಚಿದರೆ ಆ ಉಪಾಯ ಕೆಲಸ ಮಾಡದು. ಆವಿಯಾದಷ್ಟಕ್ಕೆ ಉಪ್ಪಿಲ್ಲದ ಆರ್‌ಓ ನೀರು ತುಂಬಿ. ಮಂಗಳೂರಿನ ತೇವದ ಗಾಳಿಯಲ್ಲಿ ಫ್ಯಾನ್ ನಡೆಯುವುದಿಲ್ಲ, ಚಿಲ್ಲರ್ ಬೇಕೇಬೇಕು. ಬಲೆ ಹಾಕುವಾಗ ಪೈಪು, ವೈರು ಹಾದುಹೋಗುವ ಮೂಲೆಗಳನ್ನೂ ಮುಚ್ಚಿ. ಬೆರಳು ತೂರುವಷ್ಟು ಸಂದಿದ್ದರೆ ಗ್ರಾಮಾ ಅಲ್ಲಿಂದಲೇ ಹೊರಗೆ ಬೀಳುತ್ತದೆ.