ಮಾಂಸ, ಹಾಲು, ಮೊಟ್ಟೆ ಬಿಡುವ ಮುನ್ನ ತಟ್ಟೆಗೆ ಏನು ಬರಬೇಕು?

ಸಸ್ಯಮೂಲ ಆಹಾರಕ್ಕೆ ಹೊರಳುವವರು ಆರೋಗ್ಯ, ಪ್ರಾಣಿಗಳ ಹಿತ, ಹವಾಮಾನ ಎಂಬ ಮೂರು ಕಾರಣಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಪೂರ್ತಿ ಹೊರಳಿದ ಮೇಲೆ ಮೂರಕ್ಕೂ ಜಗಳವಿಲ್ಲ. ಜಗಳ ಇರುವುದು ನಡುದಾರಿಯಲ್ಲಿ. ಮೊದಲು ಯಾವುದನ್ನು ಬಿಡಬೇಕು ಎಂದು ಕೇಳಿದರೆ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ಬಿಟ್ಟ ಜಾಗಕ್ಕೆ ಏನು ತರಬೇಕು ಎಂಬುದನ್ನು ಯೋಚಿಸದೆ ಶುರು ಮಾಡಿದವರು ಎರಡೇ ತಿಂಗಳಲ್ಲಿ ಸುಸ್ತು, ಹೊಟ್ಟೆಯುಬ್ಬರ ಎಂದು ಹಳೆಯ ಊಟಕ್ಕೆ ಮರಳುತ್ತಾರೆ. ಆದ್ದರಿಂದ ಬಿಡುವ ಪಟ್ಟಿಗಿಂತ ಮೊದಲು ಸೇರಿಸುವ ಪಟ್ಟಿ ಆಗಬೇಕು.

ಮೊದಲು ಯಾವುದು?

ಹವಾಮಾನದ ಲೆಕ್ಕ ಹೀಗಿದೆ. 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿ ಕಲೆಹಾಕಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, 100 ಗ್ರಾಂ ಪ್ರೋಟೀನ್ ಪಡೆಯಲು ಎಷ್ಟು ಹಸಿರುಮನೆ ಅನಿಲ ಹೊರಬೀಳುತ್ತದೆ ಎಂದು ಅಂದಾಜು ಮಾಡಿತು. ಮಾಂಸಕ್ಕೆಂದೇ ಸಾಕಿದ ದನದ ಮಾಂಸಕ್ಕೆ ಸರಾಸರಿ 50 ಕಿಲೊ. ಚೀಸ್‌ಗೆ 11, ಕೋಳಿಗೆ 5.7, ಮೊಟ್ಟೆಗೆ 4.2, ತೋಫುಗೆ (ಸೋಯಾ ಹಾಲು ಒಡೆಸಿ ಮಾಡುವ ಪನೀರ್‌ನಂಥ ಗಟ್ಟಿ) 2, ಬಟಾಣಿಗೆ ಬರೀ 0.4. ದನ, ಕುರಿ, ಮೇಕೆ ಮೆಲುಕು ಹಾಕುವ ಪ್ರಾಣಿಗಳು; ಅವುಗಳ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್ ಅನಿಲವೇ ಈ ಅಂತರಕ್ಕೆ ದೊಡ್ಡ ಕಾರಣ. ಹವಾಮಾನಕ್ಕಾಗಿ ಬಿಡುವವರು ದನ, ಕುರಿ, ಮೇಕೆಯ ಮಾಂಸ ಮತ್ತು ಚೀಸ್‌ನಿಂದ ಆರಂಭಿಸಬೇಕು. ಮಾಂಸ ಬಿಟ್ಟು ಆ ಜಾಗಕ್ಕೆ ಚೀಸ್ ಸುರಿದುಕೊಳ್ಳುವವರು ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಲಿ.

ಪ್ರಾಣಿಗಳ ಕಡೆಯಿಂದ ನೋಡಿದರೆ ಪಟ್ಟಿ ತಲೆಕೆಳಗಾಗುತ್ತದೆ. ಒಂದು ದನ ಕೊಡುವಷ್ಟು ಮಾಂಸಕ್ಕೆ ನೂರಕ್ಕೂ ಹೆಚ್ಚು ಕೋಳಿ ಬೇಕು. ಜಗತ್ತಿನಲ್ಲಿ ವರ್ಷಕ್ಕೆ ಕೊಲ್ಲುವ ಸುಮಾರು 8,000 ಕೋಟಿ ನೆಲದ ಪ್ರಾಣಿಗಳಲ್ಲಿ ಬಹುಪಾಲು ಕೋಳಿಗಳೇ. ಮಾಂಸದ ಕೋಳಿ ಆರೇಳು ವಾರಕ್ಕೇ ಕಸಾಯಿಖಾನೆ ಸೇರುತ್ತದೆ. ಮೊಟ್ಟೆ ಉದ್ಯಮದಲ್ಲಿ ಗಂಡು ಮರಿಗಳಿಗೆ ಉಪಯೋಗವಿಲ್ಲವೆಂದು ಹೆಚ್ಚಿನ ಕಡೆ ಹುಟ್ಟಿದ ದಿನವೇ ಕೊಲ್ಲುತ್ತಾರೆ. ಹಾಗಾಗಿ ಪ್ರಾಣಿಹಿತಕ್ಕಾಗಿ ಹೊರಟವರು ಮೊದಲು ಬಿಡಬೇಕಾದದ್ದು ಕೋಳಿ ಮತ್ತು ಮೊಟ್ಟೆ. ‘ದನ ಬಿಟ್ಟು ಕೋಳಿ ತಿನ್ನಿ’ ಎಂಬ ಜನಪ್ರಿಯ ಸಲಹೆ ಹವಾಮಾನಕ್ಕೆ ಒಳ್ಳೆಯದು, ಪ್ರಾಣಿಗಳಿಗೆ ಕೆಟ್ಟದ್ದು.

ಆರೋಗ್ಯದ ಉತ್ತರ ಮತ್ತೊಂದು: ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂನಂತೆ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18ರಷ್ಟು ಹೆಚ್ಚು. ಯಾವುದರಿಂದ ಶುರು ಮಾಡಲಿ ಎಂದು ತೋಚದವರಿಗೆ ಇದೇ ಒಳ್ಳೆಯ ಆರಂಭ. ಇದನ್ನು ಬಿಡಬೇಡಿ ಎಂದು ಉಳಿದೆರಡು ಕಾರಣಗಳೂ ಹೇಳುವುದಿಲ್ಲ. ಆಮೇಲೆ ಏನನ್ನೇ ಬಿಡಿ, ಆ ಜಾಗಕ್ಕೆ ಇನ್ನೊಂದು ಪ್ರಾಣಿಯ ಪದಾರ್ಥ ಬರಬಾರದು, ನೇರವಾಗಿ ಬೇಳೆಕಾಳು ಬರಬೇಕು. ಇಷ್ಟು ಪಾಲಿಸಿದರೆ ಮೂರು ಪಟ್ಟಿಗಳ ಜಗಳ ಮುಗಿದಂತೆ.

ಹವಾಮಾನದ ದೃಷ್ಟಿಯಿಂದ ದೂರದಿಂದ ಬಂದ ತರಕಾರಿಯ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹಡಗಿನಲ್ಲಿ ಬಂದ ಕಾಳಿನ ಸಾಗಣೆ ಲೆಕ್ಕ ತೀರಾ ಚಿಕ್ಕದು. ವಿಮಾನದಲ್ಲಿ ಬರುವ, ಬೇಗ ಕೆಡುವ ಹಣ್ಣು ತರಕಾರಿ ಮಾತ್ರ ಇದಕ್ಕೆ ಹೊರತು.

ಪ್ರೋಟೀನ್: ಒಂದು ದಿನದ ಲೆಕ್ಕ

ದೊಡ್ಡವರಿಗೆ ದೇಹತೂಕದ ಪ್ರತಿ ಕಿಲೊಗೆ 0.8 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತಾರೆ. ಸಸ್ಯದ ಪ್ರೋಟೀನ್ ಸ್ವಲ್ಪ ಕಡಿಮೆ ಜೀರ್ಣವಾಗುವುದರಿಂದ 1 ಗ್ರಾಂ ಎಂದು ಹಿಡಿಯುವುದು ಜಾಣತನ. 60 ಕಿಲೊ ತೂಕದವರಿಗೆ ದಿನಕ್ಕೆ 60 ಗ್ರಾಂ. ಬೇಯಿಸಿದ ಬೇಳೆ ಅಥವಾ ಕಾಳು 300 ಗ್ರಾಂ ತಿಂದರೆ 25 ಗ್ರಾಂ ಸಿಗುತ್ತದೆ. 100 ಗ್ರಾಂ ಗಟ್ಟಿ ತೋಫುವಿನಿಂದ ಹನ್ನೆರಡು ಹದಿಮೂರು, ಒಂದು ಲೋಟ ಸೋಯಾ ಹಾಲಿನಿಂದ ಏಳು, ಒಂದು ಹಿಡಿ (30 ಗ್ರಾಂ) ಕಡಲೆಕಾಯಿ ಬೀಜದಿಂದ ಇನ್ನೊಂದು ಏಳು. ಉಳಿದದ್ದನ್ನು ಅಕ್ಕಿ, ಗೋಧಿ, ಓಟ್ಸ್ ತಾವಾಗಿಯೇ ತುಂಬುತ್ತವೆ. ತೋಫು ಇಲ್ಲದ ದಿನ 30 ಗ್ರಾಂ ಒಣ ಸೋಯಾ ಚಂಕ್ಸ್ ಸಾಕು, ಅದರಲ್ಲಿ ಸುಮಾರು 15 ಗ್ರಾಂ ಇರುತ್ತದೆ. ಬಿಸಿನೀರಲ್ಲಿ ನೆನೆಸಿ, ಹಿಂಡಿ, ಮತ್ತೊಮ್ಮೆ ತೊಳೆದು ಹಿಂಡಿದರೆ ಅದರ ಘಾಟು ಹೋಗುತ್ತದೆ.

ಧಾನ್ಯದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಹೇರಳ. ಎರಡೂ ಒಂದೇ ತುತ್ತಿನಲ್ಲಿ ಇರಬೇಕಿಲ್ಲ, ಒಂದೇ ದಿನದಲ್ಲಿ ಬಂದರೆ ಸಾಕು. ಎಡವುವ ಜಾಗ ಬಾದಾಮಿ ಹಾಲು. ಅಂಗಡಿಯ ಬಾದಾಮಿ ಹಾಲಿನಲ್ಲಿ ಲೋಟಕ್ಕೆ ಒಂದು ಗ್ರಾಂ ಪ್ರೋಟೀನ್ ಇದ್ದರೆ ಹೆಚ್ಚು. ಅದನ್ನು ಹಸುವಿನ ಹಾಲಿಗೆ ಬದಲಿ ಎಂದು ಮಕ್ಕಳಿಗೆ ಕೊಡಬೇಡಿ.

ಮೊದಲ ವಾರಗಳ ಸುಸ್ತಿಗೆ ಬಹಳ ಸಲ ಕಾರಣ ಪ್ರೋಟೀನ್ ಅಲ್ಲ, ಕ್ಯಾಲರಿ. ಸೊಪ್ಪು, ತರಕಾರಿ, ಕಾಳಿಗೆ ಗಾತ್ರ ಹೆಚ್ಚು, ಶಕ್ತಿ ಕಡಿಮೆ. ಹೊಟ್ಟೆ ತುಂಬಿದರೂ ಊಟ ಸಾಲದು. ಒಂದೆರಡು ಹಿಡಿ ಬೀಜಗಳು, ಒಂದಿಷ್ಟು ಎಣ್ಣೆ, ಇನ್ನೊಂದು ಸೌಟು ಅನ್ನ ಸೇರಿಸಿ ನೋಡಿ.

ಕಾಳು ಬೇಯಿಸುವುದು ಹೇಗೆ

ಈ ಊಟದ ಬೆನ್ನೆಲುಬೇ ಕಾಳು. ಅದು ಬೇಯದಿದ್ದರೆ, ಹೊಟ್ಟೆಗೆ ಒಗ್ಗದಿದ್ದರೆ ಯಾವ ಆದರ್ಶವೂ ಬಹಳ ದಿನ ಉಳಿಯುವುದಿಲ್ಲ.

ಹಿಂದಿನ ರಾತ್ರಿ ಧಾರಾಳ ನೀರಿನಲ್ಲಿ ಎಂಟರಿಂದ ಹನ್ನೆರಡು ಗಂಟೆ ನೆನೆಹಾಕಿ. ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಬೆರೆಸಿ. ಉಪ್ಪು ಹಾಕಿದರೆ ಕಾಳು ಬೇಯದು ಎಂಬ ನಂಬಿಕೆ ತಪ್ಪು. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗಿ ಬಿರಿಯದೆ ಬೇಯುತ್ತದೆ. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆಯುಬ್ಬರಕ್ಕೆ ಕಾರಣವಾದ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳ ಒಂದು ಪಾಲು ನೆನೆಸಿದ ನೀರಿನ ಜೊತೆಗೇ ಹೋಗುತ್ತದೆ. ಅವುಗಳನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಅನಿಲ ಬಿಡುತ್ತವೆ.

ಟೊಮೆಟೊ, ಹುಣಸೆಹಣ್ಣು, ನಿಂಬೆರಸವನ್ನು ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಿ. ಹುಳಿ ಬಿದ್ದರೆ ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಕರಗುವುದಿಲ್ಲ. ಗಂಟೆಗಟ್ಟಲೆ ಕುದಿಸಿದರೂ ಹಲ್ಲಿಗೆ ಗಟ್ಟಿ ಸಿಗುತ್ತದೆ. ಗಡಸು ನೀರಿನದ್ದೂ ಇದೇ ತಂಟೆ. ಅಂಥ ನೀರಿಗೆ ಲೀಟರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳು. ಇಷ್ಟೆಲ್ಲ ಮಾಡಿದರೂ ಬೇಯದಿದ್ದರೆ ಕಾಳು ಹಳೆಯದು. ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಬಿದ್ದ ಕಾಳಿಗೆ ಮದ್ದಿಲ್ಲ.

ಕೆಂಪು ರಾಜ್ಮಾ ಬಗ್ಗೆ ವಿಶೇಷ ಎಚ್ಚರ ಬೇಕು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷ ಎಷ್ಟು ತೀಕ್ಷ್ಣವೆಂದರೆ ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಯುವಂತೆ ಅರ್ಧ ಗಂಟೆ ಬೇಯಿಸಿ, ಅಥವಾ ಪ್ರೆಶರ್ ಕುಕ್ಕರ್‌ನಲ್ಲಿಡಿ. ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕಲೇಬಾರದು. ಅದು ಕುದಿಯುವ ಮಟ್ಟಕ್ಕೆ ಬಿಸಿಯಾಗದಿದ್ದರೆ ಕಾಳು ಮೆತ್ತಗಾದಂತೆ ಕಂಡರೂ ವಿಷ ಸಾಯುವುದಿಲ್ಲ, ಹಸಿ ಕಾಳಿಗಿಂತ ಹೆಚ್ಚೂ ಆಗಬಹುದು.

ಕಾಳಿನ ಅಭ್ಯಾಸವೇ ಇಲ್ಲದವರು ಸಿಪ್ಪೆ ತೆಗೆದ ಬೇಳೆಯಿಂದ ಆರಂಭಿಸಲಿ. ಮೊದಲ ವಾರ ಊಟಕ್ಕೆ ಕಾಲು ಕಪ್ ಸಾಕು, ಎರಡು ಮೂರು ವಾರದಲ್ಲಿ ಒಂದು ಕಪ್‌ಗೆ ಏರಿಸಿ, ನೀರನ್ನೂ ಹೆಚ್ಚು ಕುಡಿಯಿರಿ.

ಬಿ12: ಇಲ್ಲಿ ರಿಯಾಯಿತಿ ಇಲ್ಲ

ಈ ಜೀವಸತ್ವವನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಸಸ್ಯಗಳಲ್ಲಿ ನಂಬಿಕೆಗೆ ಅರ್ಹವಾದ ಮೂಲ ಇಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿರುವುದು ಹೆಚ್ಚಾಗಿ ಬಿ12ನ್ನು ಹೋಲುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ‘ನನಗೇನೂ ಆಗಿಲ್ಲ’ ಎನ್ನುವವರು ಸಿಗುತ್ತಾರೆ. ಅವರು ತಿನ್ನುತ್ತಿರುವುದು ಹಳೆಯ ಉಳಿತಾಯ. ಸೊಪ್ಪು, ಕಾಳಿನಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ಜೀವಸತ್ವ ಹೇರಳವಾಗಿರುವುದರಿಂದ ರಕ್ತಹೀನತೆ ಮರೆಯಾಗಿ, ಒಳಗೊಳಗೇ ನರಗಳು ಹಾಳಾಗುವ ಅಪಾಯವೂ ಇದೆ. ಕೈಕಾಲು ಜುಮುಗುಟ್ಟುವುದು ಅದರ ಒಂದು ಲಕ್ಷಣ.

ದಿನಕ್ಕೊಂದು 10 ಮೈಕ್ರೊಗ್ರಾಂ ಮಾತ್ರೆ, ಅಥವಾ ವಾರಕ್ಕೊಮ್ಮೆ 2,000 ಮೈಕ್ರೊಗ್ರಾಂ ಮಾತ್ರೆ, ಅಥವಾ ಬಿ12 ಸೇರಿಸಿದ ಆಹಾರವನ್ನು ದಿನಕ್ಕೆ ಎರಡು ಮೂರು ಹೊತ್ತು ತಿಂದು ಒಟ್ಟು 3 ಮೈಕ್ರೊಗ್ರಾಂ. ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಅಂಕಿಗಳಲ್ಲಿ ಇಷ್ಟು ಅಂತರ ಏಕೆ? ಒಂದು ಸಲಕ್ಕೆ ಕರುಳು ಸರಿಯಾಗಿ ಹೀರುವುದು ಒಂದೂವರೆಯಿಂದ ಎರಡು ಮೈಕ್ರೊಗ್ರಾಂ ಮಾತ್ರ. ಮಿಕ್ಕದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಒಳಗಿಳಿಯುತ್ತದೆ. ವಾರದ ಮಾತ್ರೆ ಅಷ್ಟು ದೊಡ್ಡದಾಗಿರುವುದು ಇದೇ ಕಾರಣಕ್ಕೆ.

ಕಬ್ಬಿಣ, ಕ್ಯಾಲ್ಸಿಯಂ ಮತ್ತು ಉಳಿದವು

ಸಸ್ಯದ ಕಬ್ಬಿಣ ಸುಲಭವಾಗಿ ಹೀರಲ್ಪಡುವುದಿಲ್ಲ. ಊಟದ ಜೊತೆಗೇ ನಿಂಬೆರಸ, ಸೀಬೆ, ದಪ್ಪ ಮೆಣಸಿನಕಾಯಿಯಂಥ ಸಿ ಜೀವಸತ್ವದ ಪದಾರ್ಥ ಇರಲಿ. ಕಾಫಿ, ಟೀ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಇರಲಿ. ಕಾಳು ಮೊಳಕೆ ಕಟ್ಟಿದರೆ, ಹಿಟ್ಟು ಹುದುಗಿಸಿದರೆ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟಿರುವ ಫೈಟೇಟ್ ಕಡಿಮೆಯಾಗುತ್ತದೆ.

ಕ್ಯಾಲ್ಸಿಯಂ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಬೇಕು. ಪಾಲಕ್ ಸೊಪ್ಪನ್ನು ನಂಬಿ ಕೂರಬೇಡಿ. ಅದರ ಆಕ್ಸಲೇಟ್ ಕ್ಯಾಲ್ಸಿಯಂನ ಬಹುಪಾಲನ್ನು ಬಿಡುವುದೇ ಇಲ್ಲ. ಕೋಸು ಜಾತಿಯ ಸೊಪ್ಪು, ಕ್ಯಾಲ್ಸಿಯಂ ಲವಣ ಹಾಕಿ ಒಡೆಸಿದ ತೋಫು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಒಳ್ಳೆಯವು. ಸೇರಿಸಿದ ಕ್ಯಾಲ್ಸಿಯಂ ಡಬ್ಬಿಯ ತಳಕ್ಕಿಳಿದು ಕೂರುತ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕದಿದ್ದರೆ ಅದು ಕೊನೆಗೆ ಡಬ್ಬಿಯ ಜೊತೆ ಕಸದಬುಟ್ಟಿಗೆ ಹೋಗುತ್ತದೆ.

ಒಮೆಗಾ-3 ಎಂಬ ಕೊಬ್ಬಿನಾಮ್ಲಕ್ಕೆ ದಿನಕ್ಕೊಂದು ಟೇಬಲ್ ಚಮಚ ಅಗಸೆ ಬೀಜದ ಪುಡಿ ಸಾಕು. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಿಟ್ಟದ್ದು ಬೇಗ ಕಮಟುವುದರಿಂದ ಫ್ರಿಜ್‌ನಲ್ಲಿಡಿ. ಗರ್ಭಿಣಿಯರು ಪಾಚಿಯಿಂದ ತೆಗೆದ ಡಿಎಚ್‌ಎ (ಒಮೆಗಾ-3ರ ಒಂದು ರೂಪ) ಕ್ಯಾಪ್ಸೂಲ್ ಬಗ್ಗೆ ವೈದ್ಯರನ್ನು ಕೇಳಬಹುದು. ಅಯೋಡಿನ್‌ಗೆ ಅಯೋಡಿನ್‌ಯುಕ್ತ ಉಪ್ಪು ಇದ್ದರಾಯಿತು. ಕಲ್ಲುಪ್ಪು, ಗುಲಾಬಿ ಉಪ್ಪು ಬಳಸುವವರು ಹಾಲು, ಮೀನು ಎರಡನ್ನೂ ಬಿಟ್ಟರೆ ಅಯೋಡಿನ್‌ಗೆ ದಾರಿಯೇ ಇರುವುದಿಲ್ಲ.

ಹಾಲು, ಮೊಟ್ಟೆ ಮಾಡುತ್ತಿದ್ದ ಕೆಲಸ

ಕೇಕ್, ಕಟ್ಲೆಟ್‌ನಲ್ಲಿ ಮೊಟ್ಟೆಯ ಕೆಲಸ ಹಿಡಿದಿಡುವುದಷ್ಟೇ ಆದರೆ ಒಂದು ಟೇಬಲ್ ಚಮಚ ಅಗಸೆ ಪುಡಿಗೆ ಮೂರು ಟೇಬಲ್ ಚಮಚ ನೀರು ಬೆರೆಸಿ, ಲೋಳೆಯಾಗುವವರೆಗೆ ಹತ್ತು ನಿಮಿಷ ಬಿಡಿ. ಇದು ಹಿಟ್ಟನ್ನು ಉಬ್ಬಿಸುವುದಿಲ್ಲ. ಉಬ್ಬಿಸಬೇಕಾದರೆ ಬಿಳಿ ಕಡಲೆ ಬೇಯಿಸಿದ ನೀರು ಬೇಕು, ಮೂರು ಟೇಬಲ್ ಚಮಚ ಒಂದು ಮೊಟ್ಟೆಗೆ ಸಮ. ಮನೆಯಲ್ಲಿ ಬೇಯಿಸಿದ ನೀರು ತೆಳ್ಳಗಿದ್ದರೆ ನೊರೆ ನಿಲ್ಲದು. ಬೆರಳಿಗೆ ಅಂಟುವಷ್ಟು ಬತ್ತಿಸಿ, ಪೂರ್ತಿ ಆರಿಸಿ, ಆಮೇಲೆ ಕಡೆಯಿರಿ.

ಸೋಯಾ ಹಾಲು ಕಾಫಿಯಲ್ಲಿ ಒಡೆಯುವುದು ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ತಾಗಿದಾಗ. ಹಾಲನ್ನು ಬೆಚ್ಚಗೆ ಮಾಡಿ, ಕಾಫಿ ತುಸು ಆರಿದ ಮೇಲೆ ಅದನ್ನು ಹಾಲಿಗೆ ನಿಧಾನವಾಗಿ ಸುರಿಯಿರಿ. ಮೊಸರಿಗೆ ಸೋಯಾ ಹಾಲೇ ಆಗಬೇಕು. 40ರಿಂದ 43 ಡಿಗ್ರಿ ಬಿಸಿಯಲ್ಲಿ ಲೀಟರಿಗೆ ಎರಡು ಟೇಬಲ್ ಚಮಚ ಹೆಪ್ಪು ಹಾಕಿ ಎಂಟು ಗಂಟೆ ಅಲುಗಿಸದೆ ಇಡಿ. ಬಾದಾಮಿ ಹಾಲಿಗೆ ಹೆಪ್ಪು ಹಾಕಿದರೆ ಹುಳಿನೀರಾಗುತ್ತದೆ ಅಷ್ಟೆ, ಗಟ್ಟಿಯಾಗುವಷ್ಟು ಪ್ರೋಟೀನ್ ಅದರಲ್ಲಿಲ್ಲ.

ಲೇಬಲ್‌ನಲ್ಲಿ ಕೇಸೀನ್, ವೇ, ಜೆಲಟಿನ್ ಇದ್ದರೆ ಅದು ಪ್ರಾಣಿಮೂಲದ್ದು. ಡಿ3 ಜೀವಸತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕಲ್ಲುಹೂವಿನಿಂದ ತೆಗೆದದ್ದೂ ಸಿಗುತ್ತದೆ. ಹಾಗೆಂದು ‘ಸಸ್ಯಮೂಲ’ ಎಂದು ಬರೆದದ್ದೆಲ್ಲ ಆರೋಗ್ಯಕರವಲ್ಲ. ಕರಿದ ಆಲೂಗಡ್ಡೆ, ಸಕ್ಕರೆ ನೀರು, ಮೈದಾ ಬಿಸ್ಕತ್ತು ಮೂರೂ ಸಸ್ಯಮೂಲವೇ. ಸಸ್ಯದ ಕೃತಕ ಮಾಂಸದ ಪೊಟ್ಟಣದಲ್ಲಿ ಉಪ್ಪು ಎಷ್ಟಿದೆ ಎಂದು ನೋಡಿ ಕೊಳ್ಳಿ.

ವೈದ್ಯರ ಬಳಿ

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಊಟ ಬದಲಾದಾಗ ಹಳೆಯ ಡೋಸ್‌ನಿಂದ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳುಗೊಳಿಸುವ ವಾರ್ಫರಿನ್ ನುಂಗುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರ ಕೆ ಜೀವಸತ್ವ ಔಷಧಿಗೆ ಎದುರಾಗಿ ಕೆಲಸ ಮಾಡುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಬೀಜಗಳ ಪೊಟ್ಯಾಸಿಯಂ ಬಗ್ಗೆ ಕೇಳಿ ತಿಳಿಯಬೇಕು. ಮಧುಮೇಹದ ಮೆಟ್‌ಫಾರ್ಮಿನ್ ಮತ್ತು ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳು ಬಿ12 ಹೀರಿಕೆಯನ್ನು ಕಡಿಮೆ ಮಾಡುತ್ತವೆ. ರಕ್ತಪರೀಕ್ಷೆಯಲ್ಲಿ ಬಿ12 ಗಡಿಯಂಚಿನಲ್ಲಿ ಬಂದರೆ, ಕೊರತೆ ನಿಜವೇ ಎಂದು ತಿಳಿಯಲು ಮೀಥೈಲ್ ಮಲೋನಿಕ್ ಆಮ್ಲ ಅಥವಾ ಹೋಮೊಸಿಸ್ಟೀನ್ ಪರೀಕ್ಷೆ ಮಾಡಿಸುತ್ತಾರೆ. ನೀವು ಮಾತ್ರೆ ನುಂಗುತ್ತಿದ್ದರೆ ಅದನ್ನು ರಕ್ತ ಕೊಡುವ ಮೊದಲೇ ಹೇಳಿ, ಇಲ್ಲವಾದರೆ ವರದಿಯನ್ನು ತಪ್ಪಾಗಿ ಓದುವ ಸಾಧ್ಯತೆ ಇದೆ.